ಕಟ್ಟಿಕೊಂಡ ಸಿಂಕು, ನೀರು ನಿಂತ ಬಚ್ಚಲು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಕು ಕಟ್ಟಿಕೊಳ್ಳುವುದು ನೆಂಟರು ಬಂದ ದಿನವೇ. ಅದಕ್ಕೆ ಕಾರಣವೂ ಇದೆ: ಅವತ್ತೇ ಬೋಂಡ ಕರಿಯುವುದು, ಅವತ್ತೇ ಇಪ್ಪತ್ತು ತಟ್ಟೆ ಮುಸುರೆಗೆ ಬೀಳುವುದು. ಅಂಗಡಿಯ ಪುಡಿ, ಆಸಿಡ್ ಮುಟ್ಟದೆ ಇದನ್ನು ಬಿಡಿಸುವುದು ಹೇಗೆ ಎಂದು ಅಕ್ಕಪಕ್ಕದವರು, ನೆಂಟರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನಾನು ಪ್ಲಂಬರ್ ಅಲ್ಲ, ಆರು ಬಾಡಿಗೆ ಮನೆಗಳ ಸಿಂಕು ಬಿಚ್ಚಿ ಜೋಡಿಸಿದವಳು ಅಷ್ಟೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನೀರು ಇಳಿಯುತ್ತಿಲ್ಲ. ಮೊದಲು ಏನು ಸುರಿಯಲಿ?

ಏನನ್ನೂ ಸುರಿಯಬೇಡಿ. ಕಟ್ಟಿಕೊಂಡಿರುವುದು ಏನು ಎಂದು ಮೊದಲು ನೋಡಿ. ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಜಿಡ್ಡು, ಅನ್ನದ ಗಂಜಿ, ಕಾಫಿ ಚರಟ. ಬಚ್ಚಲಲ್ಲಿ ಕೂದಲು, ಅದಕ್ಕೆ ಮೆತ್ತಿಕೊಂಡ ಸೋಪು. ಕೈ ತೊಳೆಯುವ ಬೇಸಿನ್ನಿನಲ್ಲಿ ಟೂತ್‌ಪೇಸ್ಟು, ಗಡ್ಡದ ಕೂದಲು, ಲೋಳೆ. ಜಿಡ್ಡು ಬಿಸಿಗೆ, ಸೋಪಿಗೆ ಕರಗುತ್ತದೆ. ಕೂದಲು ಅಡುಗೆಮನೆಯ ಯಾವ ಸಾಮಾನಿಗೂ ಕರಗುವುದಿಲ್ಲ, ಅದನ್ನು ಎಳೆದೇ ತೆಗೆಯಬೇಕು.

ಇನ್ನೊಂದು ಪರೀಕ್ಷೆ: ಒಂದೇ ಕಡೆ ನಿಂತಿದೆಯೋ, ಎಲ್ಲಾ ಕಡೆಯೋ? ಸಿಂಕು ಮಾತ್ರ ನಿಂತಿದ್ದರೆ ತೊಂದರೆ ಸಿಂಕಿನ ಕೆಳಗೇ ಇದೆ, ನಿಮ್ಮ ಕೈಯಲ್ಲೇ ಆಗುವ ಕೆಲಸ. ಸಿಂಕು, ಬಚ್ಚಲು, ಕಮೋಡು ಮೂರೂ ಒಟ್ಟಿಗೆ ಮುನಿಸಿಕೊಂಡಿದ್ದರೆ ಹೊರಗಿನ ಚೇಂಬರಿನ ಮುಚ್ಚಳ ತೆಗೆದು ನೋಡಿ. ಅಲ್ಲಿ ನೀರು ತುಂಬಿ ನಿಂತಿದ್ದರೆ ಮನೆಯೊಳಗೆ ಎಷ್ಟು ಸೋಡಾ ಸುರಿದರೂ ದಂಡ.

ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದೆ. ಬುಸುಬುಸು ನೊರೆ ಬಂತು, ನೀರು ಮಾತ್ರ ಇಳಿಯಲಿಲ್ಲ. ನಾನೇನು ತಪ್ಪು ಮಾಡಿದೆ?

ನಿಮ್ಮದೇನೂ ತಪ್ಪಿಲ್ಲ. ತಪ್ಪು ಆ ಮನೆಮದ್ದಿನದೇ. ಇದನ್ನು ಹೇಳಿದಾಗೆಲ್ಲ ಜನರಿಗೆ ಬೇಸರವಾಗುತ್ತದೆ, ಏಕೆಂದರೆ ಆ ನೊರೆ ನೋಡಲು ಅಷ್ಟು ಚೆನ್ನ.

ಅಡುಗೆ ಸೋಡಾ ಸೌಮ್ಯ ಕ್ಷಾರ, ವಿನೆಗರ್ ಸೌಮ್ಯ ಆಮ್ಲ. ಒಂದಕ್ಕೊಂದು ಸೇರಿದ ಕೂಡಲೇ ಎರಡೂ ತಮ್ಮ ಗುಣ ಕಳೆದುಕೊಳ್ಳುತ್ತವೆ. ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಆ ಉಪ್ಪುನೀರಿಗೆ ಜಿಡ್ಡು ಕರಗಿಸುವ ಶಕ್ತಿ ಇಲ್ಲ. ಅನಿಲಕ್ಕೆ ಮುಚ್ಚಿದ ಬಾಟಲಿಯಲ್ಲಿ ಒತ್ತಡ ಇರುತ್ತದೆ ನಿಜ, ಆದರೆ ಸಿಂಕಿನ ಬಾಯಿ ತೆರೆದೇ ಇದೆಯಲ್ಲ, ಅದು ಸಲೀಸಾಗಿ ಮೇಲಕ್ಕೆ ಹೋಗುತ್ತದೆ.

ಲೆಕ್ಕವನ್ನೂ ನೋಡಿ. 84 ಗ್ರಾಂ ಅಡುಗೆ ಸೋಡಾ ಪೂರ್ತಿ ಕರಗಿ ಹೋಗಲು 60 ಗ್ರಾಂ ಅಸಿಟಿಕ್ ಆಮ್ಲ ಬೇಕು. ಶೇ. 5ರ ವಿನೆಗರ್ ಆದರೆ 1.2 ಲೀಟರ್, ಶೇ. 4ರದಾದರೆ ಒಂದೂವರೆ ಲೀಟರ್. ನಾವು ಹಾಕುವುದು ಅರ್ಧ ಬಟ್ಟಲು ಸೋಡಾಕ್ಕೆ ಅರ್ಧ ಬಟ್ಟಲು ವಿನೆಗರ್. ಅಷ್ಟು ವಿನೆಗರಿಗೆ ಎಂಟು ಗ್ರಾಂ ಸೋಡಾ ಸಾಕು. ಮಿಕ್ಕ ಸೋಡಾ ನೀರು ನಿಂತ ಪೈಪಿನ ತಳದಲ್ಲಿ ಹಿಟ್ಟಿನ ಹಾಗೆ ಕೂರುತ್ತದೆ.

ಹಾಗಾದರೆ ಕೆಲವರಿಗೆ ಕೆಲಸ ಮಾಡಿತಲ್ಲ? ಮಾಡಿದ್ದು ಅದರ ಹಿಂದೆ ಸುರಿದ ಬಿಸಿನೀರು. ಸುಮ್ಮನೆ ಬಿಸಿನೀರನ್ನಷ್ಟೇ ಸುರಿದಿದ್ದರೂ ಇಳಿಯುತ್ತಿತ್ತು, ವಿನೆಗರ್ ಉಪ್ಪಿನಕಾಯಿಗೆ ಉಳಿಯುತ್ತಿತ್ತು. ಎರಡನ್ನೂ ಬಳಸಲೇಬೇಕು ಅನ್ನಿಸಿದರೆ ಬೇರೆ ಬೇರೆ ದಿನ ಬಳಸಿ. ಸೋಡಾ ವಾಸನೆಗೆ, ವಿನೆಗರ್ ಬಿಳಿ ಕಟ್ಟಿದ ಕಡೆಗೆ.

ಜಿಡ್ಡಿಗೆ ನಿಜವಾಗಿ ಕೆಲಸ ಮಾಡುವುದು ಯಾವುದು?

ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ವಾಷಿಂಗ್ ಸೋಡಾ. ಈ ಮೂರೇ.

ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಗೆ. ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗಾಲದ ಬೆಳಿಗ್ಗೆ ಸೀಸೆಯಲ್ಲಿ ಹೇಗೆ ಬೆಳ್ಳಗೆ ಕೂರುತ್ತದೋ ಪೈಪಿನಲ್ಲೂ ಹಾಗೇ ಕೂರುತ್ತದೆ. ತುಪ್ಪ, ವನಸ್ಪತಿ ಇನ್ನೂ ಬೇಗ. ಕರಾವಳಿಯಲ್ಲಿ ಹರಿದು ಹೋಗುವ ಎಣ್ಣೆ ಘಟ್ಟದ ಮೇಲೆ ಸಿಂಕು ಕಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ನನಗೆ ಬರುವ ಫೋನುಗಳು ಹೆಚ್ಚಾಗುವುದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ.

ನಾನು ಮಾಡುವುದು ಹೀಗೆ. ನಿಂತ ನೀರನ್ನು ಮಗ್ಗಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತೇನೆ. ನಿಂತ ನೀರಿನ ಮೇಲೆ ಬಿಸಿನೀರು ಸುರಿದರೆ ಅದು ಕೆಳಗೆ ಮುಟ್ಟುವ ಹೊತ್ತಿಗೆ ಉಗುರು ಬೆಚ್ಚಗಾಗಿರುತ್ತದೆ. ಆಮೇಲೆ ಎರಡು ಚಮಚ ಪಾತ್ರೆ ಲಿಕ್ವಿಡ್ಡನ್ನು ನೇರ ತೂತಿಗೆ ಬಿಟ್ಟು ಒಂದು ಲೀಟರ್ ಬಿಸಿನೀರು ನಿಧಾನಕ್ಕೆ ಸುರಿದು ಹದಿನೈದು ನಿಮಿಷ ಬಿಡುತ್ತೇನೆ. ಇಳಿಯಲು ಶುರುವಾದರೆ ಇನ್ನೆರಡು ಲೀಟರ್. ಅಷ್ಟಕ್ಕೂ ಬಗ್ಗದಿದ್ದರೆ ಒಂದು ಲೀಟರ್ ಬಿಸಿನೀರಿಗೆ ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ ಪೂರ್ತಿ ಕರಗಿಸಿ ಸುರಿದು ಅರ್ಧ ಗಂಟೆ ಬಿಟ್ಟು ಮತ್ತೆ ಬಿಸಿನೀರು.

ವಾಷಿಂಗ್ ಸೋಡಾ ಅಂದರೆ ಬಟ್ಟೆ ಸೋಡಾ, ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಅಡುಗೆ ಸೋಡಾಕ್ಕಿಂತ ಬಹಳ ಖಾರ. ಅಡುಗೆ ಸೋಡಾದ ಪಿಎಚ್, ಅಂದರೆ ಕ್ಷಾರದ ಅಳತೆ, 8ರ ಆಸುಪಾಸು ಇದ್ದರೆ ಇದರದು 11ರ ಹತ್ತಿರ. ಜಿಡ್ಡನ್ನು ಸ್ವಲ್ಪ ಮಟ್ಟಿಗೆ ಸೋಪಾಗಿ ಮಾರ್ಪಡಿಸುವ ತಾಕತ್ತು ಇದಕ್ಕಿದೆ. ‘ವಿಷವಲ್ಲ’ ಎಂದು ಬರಿಗೈಯಲ್ಲಿ ಕಲಸಬೇಡಿ, ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ಕೆಟ್ಟದ್ದು. ಅಲ್ಯೂಮಿನಿಯಂ ಪಾತ್ರೆಯಲ್ಲೂ ಕರಗಿಸಬೇಡಿ, ಪಾತ್ರೆ ಕಪ್ಪಾಗುತ್ತದೆ. ಸ್ಟೀಲ್ ಪಾತ್ರೆ, ಕೈಗೆ ಗ್ಲೌಸು, ಮಕ್ಕಳು ಹತ್ತಿರ ಬೇಡ.

ಕುದಿಯುವ ನೀರನ್ನೇ ಸುರಿದರೆ ಇನ್ನೂ ಒಳ್ಳೆಯದಲ್ಲವೇ?

ಹಳೆಯ ಕಬ್ಬಿಣದ ಪೈಪಾದರೆ ಸರಿ. ಈಗಿನ ಮನೆಗಳಲ್ಲಿ ಸಿಂಕಿನ ಕೆಳಗೆ ಇರುವುದು ಪಿವಿಸಿ, ಅದೂ ಬಹಳ ಕಡೆ ಸುರುಳಿ ಸುರುಳಿಯ ತೆಳ್ಳನೆಯ ವೇಸ್ಟ್ ಪೈಪು. ಪಿವಿಸಿ 60 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ, 80ರ ಹೊತ್ತಿಗೆ ಮೆತ್ತಗಾಗುತ್ತದೆ. ಕುಕ್ಕರಿನ ನೀರು ಸೀದಾ ಬಗ್ಗಿಸಿ ಬಗ್ಗಿಸಿ ಜಾಯಿಂಟು ಸಡಿಲವಾಗಿ ಕೆಳಗಿನ ಕಪಾಟು ನೆನೆದ ಮನೆಗಳನ್ನು ನಾನು ಕಂಡಿದ್ದೇನೆ. ಪಿಂಗಾಣಿ ಬೇಸಿನ್ನು, ಕಮೋಡುಗಳಂತೂ ತಣ್ಣಗಿದ್ದಾಗ ಕುದಿಯುವ ನೀರು ಬಿದ್ದರೆ ಬಿರುಕು ಬಿಡಬಹುದು.

ಥರ್ಮಾಮೀಟರು ಬೇಡ. ಒಂದು ಪಾಲು ಕುದಿಯುವ ನೀರಿಗೆ ಒಂದು ಪಾಲು ನಲ್ಲಿ ನೀರು ಬೆರೆಸಿದರೆ ಸುಮಾರು 60 ಡಿಗ್ರಿ ಆಗುತ್ತದೆ. ಜಿಡ್ಡಿಗೆ ಅದು ಧಾರಾಳ.

ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರು. ಕೂದಲು ಅಂತ ಗೊತ್ತು. ತೆಗೆಯುವುದು ಹೇಗೆ?

ಜಾಲರಿ ಎತ್ತಿ. ಸ್ಕ್ರೂ ಇದ್ದರೆ ಬಿಚ್ಚಿ, ಸಿಮೆಂಟಿನಲ್ಲಿ ಕೂರಿಸಿದ್ದರೆ ಹಳೆಯ ಚಾಕುವಿನ ತುದಿಯಿಂದ ಸುತ್ತ ಕೆರೆದು ಮೀಟಿ. ಒಳಗೆ ಸದಾ ಸ್ವಲ್ಪ ನೀರು ನಿಲ್ಲುವ ಬಟ್ಟಲಿನಂಥ ಟ್ರ್ಯಾಪ್ ಇರುತ್ತದೆ. ಅದರ ಕುತ್ತಿಗೆಯಲ್ಲೇ ಮುಕ್ಕಾಲು ಪಾಲು ಕೂದಲು ಸಿಕ್ಕಿಕೊಂಡಿರುತ್ತದೆ. ಬಟ್ಟೆ ನೇತುಹಾಕುವ ತಂತಿ ಹ್ಯಾಂಗರನ್ನು ನೆಟ್ಟಗೆ ಮಾಡಿ, ತುದಿಯನ್ನು ಗಾಳದ ಹಾಗೆ ಚಿಕ್ಕದಾಗಿ ಬಗ್ಗಿಸಿ, ಇಳಿಬಿಟ್ಟು ತಿರುಗಿಸಿ ಎಳೆಯಿರಿ. ತಳ್ಳಬೇಡಿ. ತಳ್ಳಿದರೆ ಇವತ್ತು ನೀರು ಹೋಗುತ್ತದೆ, ಮುಂದಿನ ತಿಂಗಳು ಕೈಗೆ ಎಟುಕದ ಜಾಗದಲ್ಲಿ ಕಟ್ಟಿಕೊಳ್ಳುತ್ತದೆ.

ಬರುವುದು ಇಲಿ ಸತ್ತ ಹಾಗೆ ಕಾಣುವ ಒಂದು ಜಡೆ. ಮೇಲೆ ಬೂದುಬಣ್ಣದ ಲೋಳೆ, ಒಳಗೆ ಸೋಪಿನ ಚೂರು, ಒಮ್ಮೊಮ್ಮೆ ಕಳೆದುಹೋಗಿದೆ ಎಂದು ಮನೆಯೆಲ್ಲ ಹುಡುಕಿದ್ದ ಕ್ಲಿಪ್ಪು. ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಒಣಕಸಕ್ಕೂ ಅಲ್ಲ, ಹಸಿಕಸಕ್ಕೂ ಅಲ್ಲ, ಡಯಾಪರ್ ಹಾಕುವ ಬುಟ್ಟಿಗೆ ಹಾಕಿ.

ಹ್ಯಾಂಗರ್ ಮುಟ್ಟದಷ್ಟು ದೂರದಲ್ಲಿ ಇದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್ ವೈರ್ ಬೇಕು. ಹಿಂದೆ ಇದೇ ಕೆಲಸಕ್ಕೆ ಬಿದಿರಿನ ದಬ್ಬೆ ಹಿಡಿದು ಬರುತ್ತಿದ್ದರು. ನೇರ ಪೈಪಿಗೆ ದಬ್ಬೆ ಇವತ್ತಿಗೂ ಚೆನ್ನ, ಬಾಗಿನಲ್ಲಿ ಮಾತ್ರ ಮುರಿಯುತ್ತದೆ.

ಸೀಗೆಕಾಯಿ, ಅಂಟುವಾಳ ಬಳಸುತ್ತೇವೆ. ಎಲ್ಲಾ ನೈಸರ್ಗಿಕ. ಆದರೂ ಕಟ್ಟಿಕೊಳ್ಳುತ್ತದಲ್ಲ?

ನೈಸರ್ಗಿಕವಾದ್ದಕ್ಕೇ ಕಟ್ಟಿಕೊಳ್ಳುವುದು! ಸೀಗೆಪುಡಿ ಕರಗುವ ವಸ್ತುವಲ್ಲ, ಅರೆದ ಕಾಯಿ. ನೊರೆ ಕೊಡುವ ಸಪೋನಿನ್ ಮಾತ್ರ ನೀರಿಗೆ ಇಳಿಯುತ್ತದೆ, ನಾರು, ತರಿ ಹಾಗೇ ಉಳಿಯುತ್ತವೆ. ನರಕ ಚತುರ್ದಶಿಯ ಬೆಳಿಗ್ಗೆ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಸೀಗೆಪುಡಿ, ಕಡಲೆಹಿಟ್ಟು ಉಜ್ಜಿಕೊಂಡು ಸ್ನಾನ ಮಾಡಿದರೆ ಎಣ್ಣೆ, ಕೂದಲು, ತರಿ ಸೇರಿ ಗಾರೆಯ ಹದಕ್ಕೆ ಬರುತ್ತದೆ. ಕಡಲೆಹಿಟ್ಟು ನೀರಲ್ಲಿ ಊದುವುದು ಬೇರೆ.

ಸೀಗೆಪುಡಿಯನ್ನು ಹಿಂದಿನ ರಾತ್ರಿ ನೆನೆಸಿ ತೆಳ್ಳನೆ ಬಟ್ಟೆಯಲ್ಲಿ ಸೋಸಿ ಬಳಸಿ. ಅಂಟುವಾಳ ಸಿಪ್ಪೆಯನ್ನು ಕುದಿಸಿ ಸೋಸಿದ ನೀರು ಪಾತ್ರೆಯ ತೆಳು ಜಿಡ್ಡು ಬಿಡಿಸಲು ಒಳ್ಳೆಯದು, ಪೈಪಿಗೂ ಹಾನಿಯಿಲ್ಲ. ಆದರೆ ಕಟ್ಟಿಕೊಂಡ ಪೈಪು ಬಿಡಿಸುವಷ್ಟು ಕಸುವು ಅದಕ್ಕಿಲ್ಲ. ಹಬ್ಬದ ದಿನ ಜಾಲರಿಯ ಮೇಲೆ ಒಂದು ಹಳೆಯ ನೈಲಾನ್ ಬಟ್ಟೆ ಹಾಸಿದರೆ ಮುಗಿಯಿತು.

ಸಿಂಕಿನ ಕೆಳಗೆ ಬಿಚ್ಚಲು ಹೆದರಿಕೆ. ನಿಜಕ್ಕೂ ನಾವೇ ಮಾಡಬಹುದೇ?

ನಲ್ಲಿಯ ವಾಷರ್ ಬದಲಿಸುವುದಕ್ಕಿಂತ ಸುಲಭ. ಇಲ್ಲಿ ನೀರಿನ ಒತ್ತಡವೇ ಇಲ್ಲ. ಮೊದಲು ಕೆಳಗೆ ಬಕೆಟ್ ಇಡಿ. ಇದನ್ನು ನಾನೇ ಎರಡು ಸಲ ಮರೆತಿದ್ದೇನೆ. ಬೇಸಿನ್ನಿನ ಕೆಳಗೆ ಲೋಟದ ಆಕಾರದ ಬಾಟಲ್ ಟ್ರ್ಯಾಪ್ ಇದ್ದರೆ ಆ ಲೋಟವನ್ನು ಕೈಯಲ್ಲೇ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಸುರುಳಿ ಪೈಪಾದರೆ ಮೇಲೆ ಪ್ಲಾಸ್ಟಿಕ್ ನಟ್ಟು ಇರುತ್ತದೆ. ಪಾನಾ ಬಳಸಬೇಡಿ, ಪ್ಲಾಸ್ಟಿಕ್ ಮರೆ (ನಟ್ಟಿನ ಒಳಗಿನ ಸುರುಳಿ ಗೆರೆ) ಸವೆದುಹೋಗುತ್ತದೆ. ಒಣಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿ. ರಬ್ಬರ್ ವಾಷರ್ ಯಾವ ಕಡೆ ಮುಖ ಮಾಡಿ ಕೂತಿತ್ತು ಎಂದು ಬಿಚ್ಚುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹೋದ ವರ್ಷ ನಾದಿನಿಯ ಮನೆಯಲ್ಲಿ ಹೀಗೆ ಬಿಚ್ಚಿದಾಗ ಸುರುಳಿ ಪೈಪಿನ ಒಂದೊಂದು ಮಡಿಕೆಯಲ್ಲೂ ಒಂದೊಂದು ಪದರ ಇತ್ತು: ಕಾಫಿ ಚರಟದ ಕಪ್ಪು, ರವೆಯ ಬಿಳಿ, ಮತ್ತೆ ಚರಟ. ತಳದಲ್ಲಿ ನಾಲ್ಕು ಹೆಸರುಕಾಳು ಕೂತು ಅರ್ಧ ಬೆರಳುದ್ದ ಮೊಳಕೆ ಬಂದಿದ್ದವು. “ನಿನ್ನ ಸಿಂಕಲ್ಲಿ ಕೋಸಂಬರಿಗೆ ಆಗುವಷ್ಟು ಬೆಳೆ ಬಂದಿದೆ ಕಣೇ” ಅಂದೆ. ಅವಳು ನಗಲಿಲ್ಲ. ಆ ಸುರುಳಿಯನ್ನು ತೆಗೆದು ಒಳಮೈ ನುಣುಪಾದ ಪೈಪು ಹಾಕಿಸಿದ ಮೇಲೆ ಅವಳ ಮನೆಯಿಂದ ಆ ದೂರು ಬಂದಿಲ್ಲ. ಮನೆಯವರ ಪಾತ್ರೆ ತೊಳೆಯುವ ರೀತಿಗಿಂತ ಆ ಸುರುಳಿ ಪೈಪಿನದೇ ತಪ್ಪು ಎಷ್ಟೋ ಸಲ.

ರಬ್ಬರ್ ಪಂಪ್ ಒತ್ತಿ ಒತ್ತಿ ಕೈ ಸೋತಿತು. ಪ್ರಯೋಜನ ಇಲ್ಲ.

ಗಾಳಿ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ಬೇಸಿನ್ನಿನ ಮೇಲಂಚಿನಲ್ಲಿ ಒಂದು ತೂತು ಇದೆಯಲ್ಲ, ಅದಕ್ಕೆ ಒದ್ದೆ ಬಟ್ಟೆ ತುರುಕಿ. ಎರಡು ತೊಟ್ಟಿಯ ಸಿಂಕಾದರೆ ಇನ್ನೊಂದರ ಬಾಯಿಗೂ ಬಟ್ಟೆ ಒತ್ತಿ ಹಿಡಿಯಬೇಕು, ಇದಕ್ಕೆ ಮಕ್ಕಳು ಸಂತೋಷದಿಂದ ಬರುತ್ತಾರೆ. ರಬ್ಬರ್ ಮುಳುಗುವಷ್ಟು ನೀರು ಇರಲಿ, ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಹದಿನೈದು ಇಪ್ಪತ್ತು ಸಲ ಬಿಡದೆ ಒತ್ತಿ ಎತ್ತಿ, ಕೊನೆಯ ಸಲ ಜೋರಾಗಿ ಕಿತ್ತೆಳೆಯಿರಿ. ಕೆಲಸ ಮಾಡುವುದು ಹೆಚ್ಚಾಗಿ ಎಳೆತವೇ.

ಪುಡಿ ಅಥವಾ ಆಸಿಡ್ ಹಾಕಿದ ಮೇಲೆ ಮಾತ್ರ ಪಂಪ್ ಮುಟ್ಟಬೇಡಿ. ಮುಖಕ್ಕೆ ಎಗರುತ್ತದೆ.

ಅಂಗಡಿಯ ಪುಡಿ ಹತ್ತು ನಿಮಿಷದಲ್ಲಿ ಬಿಡಿಸುತ್ತದಲ್ಲ. ಅದರಲ್ಲಿ ಏನು ತೊಂದರೆ?

ಬಿಡಿಸುತ್ತದೆ, ಸುಳ್ಳಲ್ಲ. ಅದರಲ್ಲಿರುವುದು ಮುಖ್ಯವಾಗಿ ಕಾಸ್ಟಿಕ್ ಸೋಡಾ, ಎಷ್ಟೋ ಪುಡಿಗಳಲ್ಲಿ ಜೊತೆಗೆ ಅಲ್ಯೂಮಿನಿಯಂ ಚೂರು. ನೀರು ತಾಕಿದ ಕೂಡಲೇ ವಿಪರೀತ ಬಿಸಿ, ಜೊತೆಗೆ ಹೈಡ್ರೋಜನ್ ಅನಿಲ. ಜಿಡ್ಡು ಸೋಪಾಗುತ್ತದೆ, ಕೂದಲೂ ಕರಗುತ್ತದೆ. ಕೂದಲು ಕರಗಿಸುವ ವಸ್ತುವಿಗೆ ನಮ್ಮ ಚರ್ಮ ಯಾವ ಲೆಕ್ಕ? ಕಣ್ಣಿಗಂತೂ ಕಾಸ್ಟಿಕ್ ಆಮ್ಲಕ್ಕಿಂತ ಅಪಾಯ, ಒಳಗೊಳಗೇ ಇಳಿಯುತ್ತಾ ಹೋಗುತ್ತದೆ. ಸಿಡಿದರೆ ಉಜ್ಜದೆ, ಬೇರೇನನ್ನೂ ಹಚ್ಚದೆ, ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕಣ್ಣು ಬಿಟ್ಟು ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಮೈಸೂರಿನ ಬಾಡಿಗೆ ಮನೆಯಲ್ಲಿ ನಾನೇ ಒಮ್ಮೆ ಎರಡು ಪೊಟ್ಟಣ ಸುರಿದಿದ್ದೆ. ಬುರುಬುರು ಸದ್ದು, ಮೂಗು ಉರಿಯುವ ಆವಿ, ಆಮೇಲೆ ಮೌನ. ಕೆಳಗೆ ಕೈಯಿಟ್ಟರೆ ಪೈಪು ಕಾಫಿ ಲೋಟದ ಹಾಗೆ ಸುಡುತ್ತಿತ್ತು, ಜೋತುಬಿದ್ದಿತ್ತು. ನೀರು ಸಾಲದೆ ಪುಡಿ ಒಳಗೇ ಕಲ್ಲಾಗಿತ್ತು. ಮರುದಿನ ಬಂದ ಪ್ಲಂಬರ್ ಚೀಲ ಕೆಳಗಿಡುವ ಮೊದಲೇ ಕೇಳಿದ್ದು, “ಅಕ್ಕಾ, ಪುಡಿಗಿಡಿ ಏನಾದ್ರೂ ಹಾಕಿದ್ರಾ?” ಇಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆತ ತೋಳು ತೋರಿಸಿದ. ಮೊಣಕೈಯಿಂದ ಕೆಳಗೆ ಹಳೆಯ ಸುಟ್ಟ ಗುರುತು. ಯಾರೋ ಇಲ್ಲ ಎಂದಿದ್ದರಂತೆ.

ಏನಾದರೂ ಹಾಕಿದ್ದರೆ ಬಂದವರಿಗೆ ಮೊದಲೇ ಹೇಳಿಬಿಡಿ.

ಒಂದು ಕೆಲಸ ಮಾಡದಿದ್ದರೆ ಇನ್ನೊಂದನ್ನು ಮೇಲಿಂದ ಹಾಕಬಹುದೇ?

ಖಂಡಿತ ಬೇಡ. ಬಾತ್‌ರೂಮ್ ಆಸಿಡ್ ಇದ್ದ ಕಡೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಸೌಮ್ಯ ಎಂದುಕೊಂಡ ವಿನೆಗರ್, ನಿಂಬೆಹಣ್ಣು ಕೂಡ ಬ್ಲೀಚ್ ಜೊತೆ ಸೇರಿದರೆ ಅದೇ ಅನಿಲ. ಕಾಸ್ಟಿಕ್ ಪುಡಿಯ ಮೇಲೆ ಆಸಿಡ್ ಸುರಿದರೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಮನೆಗೆಲಸಕ್ಕೆ ಬರುವವರು ಬೆಳಿಗ್ಗೆ ಏನು ಹಾಕಿ ಹೋಗಿದ್ದಾರೆ ಎಂದು ಕೇಳದೆ ಸಂಜೆ ನೀವು ಏನನ್ನೂ ಹಾಕಬೇಡಿ.

ಮನೆಯಲ್ಲೇ ಮಾಡಿದ ಬಯೋ ಎನ್‌ಜೈಮ್ ಸುರಿದರೆ ಪೈಪು ಬಿಡುತ್ತದೆ ಅಂತಾರೆ?

ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಮೋಸಂಬಿ, ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಈ ಲೆಕ್ಕ ಈಗ ಬಹಳ ಮನೆಗಳ ಬಾಯಿಪಾಠ. ನಾನೂ ಮಾಡುತ್ತೇನೆ, ನೆಲ ಒರೆಸಲು ಅದರಷ್ಟು ಹಿತವಾದ ವಾಸನೆ ಇನ್ನೊಂದಕ್ಕಿಲ್ಲ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಸೀಸೆ ಬೇಡ, ಒಡೆದೀತು.

ಆದರೆ ಕಟ್ಟಿಕೊಂಡ ಸಿಂಕಿಗೆ ಇದು ಮದ್ದಲ್ಲ. ಹುಳಿತು ತಯಾರಾಗುವುದು ಮುಖ್ಯವಾಗಿ ಸೌಮ್ಯ ಆಮ್ಲದ ನೀರು, ವಿನೆಗರಿನ ತಂಗಿ ಅನ್ನಿ. ಬಿಟ್ಟುಕೊಂಡ ಪೈಪಿನಲ್ಲಿ ವಾಸನೆ ಬರದ ಹಾಗೆ ವಾರಕ್ಕೊಮ್ಮೆ ರಾತ್ರಿ ಮಲಗುವ ಮುಂಚೆ ಅರ್ಧ ಲೋಟ ಸುರಿದರೆ ಸರಿ. ಸೋಸದೆ ಸಿಪ್ಪೆ ಸಮೇತ ಸುರಿದು ಸಿಂಕು ಕಟ್ಟಿಸಿಕೊಂಡವರೂ ಇದ್ದಾರೆ.

ಬೋರ್‌ವೆಲ್ ನೀರು. ಜಾಲರಿಯಲ್ಲೆಲ್ಲ ಬಿಳಿ ಕಲ್ಲು ಕಟ್ಟಿದೆ.

ಇಲ್ಲಿ ಮಾತ್ರ ಆಮ್ಲಕ್ಕೆ ಕೆಲಸ. ಗಡಸು ನೀರಿನ ಸುಣ್ಣ ವಿನೆಗರಿಗೆ ಕರಗುತ್ತದೆ, ನಿಂಬೆ ಉಪ್ಪಿಗೆ ಇನ್ನೂ ಚೆನ್ನಾಗಿ ಕರಗುತ್ತದೆ. ಒಂದು ಬಟ್ಟಲಲ್ಲಿ ಅರ್ಧ ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಜಾಲರಿಯನ್ನು ಬಿಚ್ಚಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಳೆಯ ಬ್ರಷ್ಷಿನಲ್ಲಿ ಉಜ್ಜಿ. ಗಡಸು ನೀರಲ್ಲಿ ಸ್ನಾನದ ಸೋಪು ಸುಣ್ಣದೊಂದಿಗೆ ಸೇರಿ ಬೂದುಬಣ್ಣದ ಮೊಸರಿನಂತೆ ಒಡೆಯುತ್ತದೆ, ಬಕೆಟ್ಟಿನ ಅಂಚಿನಲ್ಲಿ ಕೂರುವುದು ಅದೇ. ಅಂಥ ನೀರಿರುವ ಮನೆಗೆ ಕೂದಲು ಹಿಡಿಯುವ ಜಾಲರಿ ಎರಡು ಪಟ್ಟು ಮುಖ್ಯ.

ಒಂದು ಎಚ್ಚರಿಕೆ ಇದೆ. ನಮ್ಮ ಹಳೆಯ ಮನೆಗಳ ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳೇ. ಮೊಸಾಯಿಕ್, ಮಾರ್ಬಲ್ ಕೂಡ ಅದೇ ಜಾತಿ. ಪೈಪಿನ ಸುಣ್ಣ ತಿನ್ನುವ ಆಮ್ಲ ಕಟ್ಟೆಯನ್ನೂ ತಿನ್ನುತ್ತದೆ, ಹೊಳಪು ಹೋಗಿ ಒರಟಾದ ಕಲೆ ಉಳಿಯುತ್ತದೆ. ಆದ್ದರಿಂದ ಜಾಲರಿಯನ್ನು ಬಟ್ಟಲಲ್ಲಿ ನೆನೆಹಾಕಿ ಎಂದದ್ದು. ಗ್ರಾನೈಟಿಗೆ ಅಷ್ಟು ಭಯವಿಲ್ಲ.

ಉಪ್ಪು? ಕೋಲಾ? ಹುಣಸೆಹಣ್ಣು? ಬೂದಿ?

ಉಪ್ಪು ಕರಗಿ ಹೋಗುತ್ತದೆ, ಅಷ್ಟೆ. ಕೋಲಾದಲ್ಲಿ ಸ್ವಲ್ಪ ಫಾಸ್ಫಾರಿಕ್ ಆಮ್ಲ, ತುಂಬಾ ಸಕ್ಕರೆ, ಇರುವೆಗೆ ಹಬ್ಬ. ಹುಣಸೆ ಹಿತ್ತಾಳೆಗೆ ಸರಿ, ಸಿಂಕಿಗೆ ಬಿದ್ದರೆ ಅದರ ನಾರೇ ಹೊಸ ತೊಂದರೆ. ಬೂದಿ, ಪಾತ್ರೆ ಉಜ್ಜುವ ಪುಡಿ ಎರಡೂ ತಳದಲ್ಲಿ ಕೂತು ಜಿಡ್ಡಿನೊಂದಿಗೆ ಗಟ್ಟಿಯಾಗುತ್ತವೆ.

ನೀರು ಸರಾಗ ಹೋಗುತ್ತದೆ, ವಾಸನೆ ಮಾತ್ರ ಬರುತ್ತದೆ. ಸಣ್ಣ ಸಣ್ಣ ನೊಣ ಬೇರೆ.

ಆ ನೊಣ ನೋಡಿ, ಗೋಡೆಯ ಮೇಲೆ ಪುಟ್ಟ ಚಿಟ್ಟೆಯ ಹಾಗೆ ರೆಕ್ಕೆ ಹರಡಿ ಕೂರುತ್ತದೆ, ಮೈಯೆಲ್ಲ ರೋಮ. ಅದು ಮೊಟ್ಟೆಯಿಡುವುದು ಪೈಪಿನ ಒಳಗೋಡೆಯ ಲೋಳೆಯಲ್ಲಿ. ಹಾರುವುದನ್ನು ಎಷ್ಟು ಕೊಂದರೂ ಲೋಳೆ ಇರುವ ತನಕ ಸಂತಾನ ಮುಗಿಯದು. ಬಿಸಿನೀರೂ ಲೋಳೆಯ ಮೇಲೆ ಜಾರಿಹೋಗುತ್ತದೆ. ಬಾಟಲಿ ತೊಳೆಯುವ ಉದ್ದ ಬ್ರಷ್ಷಿಗೆ ಒದ್ದೆ ಅಡುಗೆ ಸೋಡಾ ಹಚ್ಚಿ ಪೈಪಿನ ಒಳಗೋಡೆ ಉಜ್ಜಿ, ಜಾಲರಿಯ ತಳಭಾಗವನ್ನೂ ಉಜ್ಜಿ. ಅಲ್ಲಿ ಯಾರೂ ಉಜ್ಜುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಹೀಗೆ ಮೂರು ವಾರ ಮಾಡಿದರೆ ಮೊಟ್ಟೆಯಿಂದ ಹೊರಬಂದವಕ್ಕೂ ನೆಲೆ ಇರುವುದಿಲ್ಲ. ಅಡುಗೆ ಸೋಡಾಕ್ಕೆ ಇದು ತಕ್ಕ ಕೆಲಸ.

ಸಿಂಕಿಗೆ ಏನೇನು ಬಿಡಬಾರದು?

ಕರಿದ ಎಣ್ಣೆ ಮೊದಲನೆಯದು. ಬಾಣಲೆಯನ್ನು ಹಳೆಯ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ, ಈ ಒಂದೇ ಅಭ್ಯಾಸ ಅರ್ಧ ತೊಂದರೆ ತಪ್ಪಿಸುತ್ತದೆ. ಕಾಫಿ ಫಿಲ್ಟರನ್ನು ಸಿಂಕಿನಲ್ಲಿ ಕೊಡವಬೇಡಿ, ಚರಟ ಗಿಡಕ್ಕೆ ಹಾಕಿ. ಗಂಜಿ ಬಿಸಿಯಿದ್ದಾಗ ನೀರು, ಆರಿದರೆ ಅಂಟು. ದೋಸೆಹಿಟ್ಟಿನ ಪಾತ್ರೆಗೂ ಅದೇ ಮಾತು. ತೆಂಗಿನಕಾಯಿ ಒಡೆದ ಜುಂಗು, ಹಾಲು ಹಿಂಡಿದ ಕಾಯಿಚರಟ, ಕರಿಬೇವಿನ ಕಡ್ಡಿ, ನುಗ್ಗೆಕಾಯಿ ಜಗಿದ ಸಿಪ್ಪೆ ಇವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆ ಬಲೆಗೆ ಮಿಕ್ಕದ್ದೆಲ್ಲ ಬಂದು ಬೀಳುತ್ತದೆ. ನಮ್ಮಜ್ಜಿಯ ಕಾಲದ ಕಲಗಚ್ಚಿನ ಬಾನಿಗೆ ಇದೆಲ್ಲ ಹೋಗುತ್ತಿತ್ತು, ಎಮ್ಮೆ ಕುಡಿಯುತ್ತಿತ್ತು. ಎಮ್ಮೆ ಇಲ್ಲದ ಮನೆಗೆ ಸ್ಟೀಲ್ ಜಾಲರಿ.

ಫ್ಲ್ಯಾಟಿನಲ್ಲಿದ್ದೇವೆ. ನಾವು ನಲ್ಲಿ ತಿರುಗಿಸದಿದ್ದರೂ ಬಚ್ಚಲಲ್ಲಿ ನೊರೆನೀರು ಉಕ್ಕುತ್ತದೆ.

ಅದು ಮೇಲಿನ ಮನೆಯ ವಾಷಿಂಗ್ ಮೆಷಿನ್ನಿನ ನೀರು. ಎಲ್ಲರಿಗೂ ಸೇರಿದ ಇಳಿ ಪೈಪು ನಿಮ್ಮ ಮಹಡಿಯ ಕೆಳಗೆಲ್ಲೋ ಕಟ್ಟಿದೆ. ನೀವು ಏನು ಸುರಿದರೂ ವ್ಯರ್ಥ. ಮೇಲಿನವರಿಗೆ ನಲ್ಲಿ ನಿಲ್ಲಿಸಲು ಹೇಳಿ ಸಂಘದವರಿಂದ ಚೇಂಬರ್ ತೆಗೆಸಿ. ರಸ್ತೆಯ ಮ್ಯಾನ್‌ಹೋಲೇ ತುಂಬಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಬೇಕು. ಬೇರೆ ಊರಲ್ಲಿ ನಗರಸಭೆ, ಪಟ್ಟಣ ಪಂಚಾಯಿತಿ.

ನಮ್ಮದು ಹಳ್ಳಿಮನೆ. ಬಚ್ಚಲು ನೀರು ಬಾಳೆಗಿಡಕ್ಕೆ, ಪಾಯಿಖಾನೆ ಗುಂಡಿಗೆ. ಏನು ಬಳಸಬಹುದು?

ಬಾಳೆ, ಕೆಸುವಿನ ಬುಡಕ್ಕೆ ಹೋಗುವ ನೀರಿಗೆ ವಾಷಿಂಗ್ ಸೋಡಾ ಬೇಡ. ಅದರ ಸೋಡಿಯಂ ಮಣ್ಣಲ್ಲಿ ಉಳಿದು ಮಣ್ಣು ಬಿಗಿಯುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಬಿಸಿನೀರು, ಕೊಕ್ಕೆ, ದಬ್ಬೆ ಸಾಕು. ಗುಂಡಿಗೆ ಕಾಸ್ಟಿಕ್ ಪುಡಿ, ಆಸಿಡ್, ಫಿನೈಲ್ ಧಾರಾಳವಾಗಿ ಹೋದರೆ ಒಳಗೆ ಮಲ ಕರಗಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ, ಗುಂಡಿ ಬೇಗ ತುಂಬುತ್ತದೆ. ಪಟ್ಟಣದವರಿಗೂ ಈ ಮಾತು ಬೇರೆಯಲ್ಲ. ಸಿಂಕಿನಿಂದ ಹೋದದ್ದು ಮಾಯವಾಗುವುದಿಲ್ಲ, ಕೆರೆಗೆ ಹೋಗುತ್ತದೆ. ಬೆಂಗಳೂರಿನ ಮನೆಗಳ ಕೊಳಚೆ, ಡಿಟರ್ಜೆಂಟು ಹರಿದು ಸೇರಿದ ಬೆಳ್ಳಂದೂರು ಕೆರೆ ರಸ್ತೆಗೆ ನೊರೆ ಕಾರಿದ್ದನ್ನೂ 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದನ್ನೂ ಎಲ್ಲರೂ ನೋಡಿದ್ದೇವೆ.

ಗುಂಡಿಯೇ ಕಟ್ಟಿಕೊಂಡರೆ ಯಾರನ್ನಾದರೂ ಇಳಿಸಿ ತೆಗೆಸಬಹುದೇ?

ಇಳಿಸಬಾರದು. ಐದೇ ನಿಮಿಷ ಎಂದರೂ, ಎಷ್ಟು ದುಡ್ಡು ಕೊಡುತ್ತೇನೆಂದರೂ, ಅವರೇ ಒಪ್ಪಿದರೂ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದುಕೊಳ್ಳುವ ಹೊತ್ತಿಗೆ ಮನುಷ್ಯ ಬಿದ್ದಿರುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಗಳಿಲ್ಲದೆ ಒಬ್ಬರನ್ನು ಮ್ಯಾನ್‌ಹೋಲಿಗೆ, ಮಲಗುಂಡಿಗೆ ಇಳಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್ ಮೆಷಿನ್ ಲಾರಿ ಕರೆಸಿ.

ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದರೆ ಮನೆಯೆಲ್ಲ ಗಬ್ಬುನಾತ. ಎಲ್ಲೂ ಕಟ್ಟಿಕೊಂಡಿಲ್ಲ!

ಟ್ರ್ಯಾಪಿನಲ್ಲಿ ನಿಲ್ಲುವ ಎರಡು ಇಂಚು ನೀರೇ ಚರಂಡಿಯ ಗಾಳಿಗೆ ಬಾಗಿಲು. ಬಿಸಿಲಿಗೆ ಅದು ಆರಿಹೋಗಿದೆ. ಎಲ್ಲಾ ತೂತುಗಳಿಗೂ ಎರಡೆರಡು ಮಗ್ಗು ನೀರು ಹಾಕಿ ಕಿಟಕಿ ತೆರೆಯಿರಿ, ಒಂದು ಗಂಟೆಯಲ್ಲಿ ಸರಿಹೋಗುತ್ತದೆ. ಮುಂದಿನ ಸಲ ಹೊರಡುವಾಗ ನೀರು ಹಾಕಿ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟು ಹೋಗಿ. ಎಣ್ಣೆ ಮೇಲೆ ತೇಲಿಕೊಂಡು ನೀರು ಆರದಂತೆ ಕಾಯುತ್ತದೆ. ಹೌದು, ಇಷ್ಟು ಹೊತ್ತು ಎಣ್ಣೆ ಬೇಡ ಎಂದವಳೇ ಹೇಳುತ್ತಿದ್ದೇನೆ. ಒಂದು ಚಮಚ ಮಾತ್ರ, ಅದೂ ಕೊಬ್ಬರಿ ಎಣ್ಣೆ ಬೇಡ.